ಗೃಹಸ್ಥರೊಡನೆ ನಾಲ್ಕು ಮಾತು: ಕ್ರಯಪತ್ರಕ್ಕೆ ಕೊಡುವ ಫೀಜು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು, ಬೇರೆಯವರು ಕಟ್ಟಿದ ಮನೆಯನ್ನು ಕೊಳ್ಳುವ ಕಷ್ಟವನ್ನು ಕುರಿತು ಏನನ್ನೂ ಹೇಳದೆ ಹೋದರು. ಅವರ ಕಾಲದಲ್ಲಿ ಮನೆಗಳು ಅಷ್ಟಾಗಿ ಕೈಬದಲಾಗುತ್ತಿರಲಿಲ್ಲವಾದುದರಿಂದ ಅವರನ್ನು ದೂರತಕ್ಕುದಿಲ್ಲ. ಆ ಕಷ್ಟದ ಒಂದು ಭಾಗವನ್ನು, ಎಂದರೆ ಕಾಗದಪತ್ರಗಳನ್ನು ನೋಡಿ ಕ್ರಯಪತ್ರವನ್ನು ಬರೆದುಕೊಡುವವರಿಗೆ ಸಲ್ಲತಕ್ಕ ಫೀಜಿನ ವಿಷಯವನ್ನು, ಈ ತಿಂಗಳು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು. ಇದಕ್ಕೆ ಕಾರಣರಾದವರು ನಮ್ಮ ಷಡ್ಡಕರಾದ ಮೇಷ್ಟರು.

ಮೇಷ್ಟರು ಗುಬ್ಬಿ ತಾಲ್ಲೂಕಿನ ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯಲ್ಲಿ ಬಂದ ಹಣಕ್ಕೆ ಮನೆಯಾಕೆಯ ಒಡವೆ ಮಾರಿದ ಹಣವನ್ನೂ ಕೂಡಿಸಿ, ತುಮಕೂರಿನಲ್ಲಿ 40 ಲಕ್ಷ ರೂಪಾಯಿಗೆ ಒಂದು ಹಳೆಯ ಮನೆಯನ್ನು ಗೊತ್ತುಮಾಡಿಕೊಂಡಿದ್ದರು. ಒಂದು ಸಂಜೆ ನಮ್ಮಲ್ಲಿಗೆ ಬಂದು ಜೇಬಿನಿಂದ ಒಂದು ಚೀಟಿಯನ್ನು ತೆಗೆದಿಟ್ಟರು. ಅದರಲ್ಲಿ ಮೂರೇ ಸಾಲು. ತುಮಕೂರಿನ ಪತ್ರ ಬರಹಗಾರರು, 4,000 ರೂಪಾಯಿ. ಕುಣಿಗಲ್ಲಿನ ವಕೀಲರು, 15,000. ಗುಬ್ಬಿಯ ವಕೀಲರು, ಕ್ರಯದ ಹಣದಲ್ಲಿ ನೂರಕ್ಕೆ ಅರ್ಧ, ಎಂದರೆ 20,000.

ಮನೆ ತುಮಕೂರಿನಲ್ಲಿರುವಾಗ ಕುಣಿಗಲ್ಲಿಗೇಕೆ ಹೋದಿರೆಂದು ಕೇಳಿದೆವು. “ಈಗ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ರಿಜಿಸ್ಟರಿ ಮಾಡಿಸಬಹುದಲ್ಲವೆ? ಹಾಗಿದ್ದ ಮೇಲೆ ಎಲ್ಲಿ ಅಗ್ಗವೋ ಅಲ್ಲಿಗೆ ಹೋಗುವುದು” ಎಂದರು. ಮಾತು ನಿಜ. 2024ರ ಸೆಪ್ಟೆಂಬರಿನಿಂದ ರಾಜ್ಯದಲ್ಲೆಲ್ಲ ಈ ಅನುಕೂಲವಾಗಿದೆ. ನಾವೂ ಚೀಟಿಯನ್ನು ಮೇಲೆ ಕೆಳಗೆ ನೋಡಿ, 4,000ವೇ ಲೇಸೆಂದು ತೀರ್ಪು ಕೊಟ್ಟುಬಿಟ್ಟೆವು. ಆಗ ಕಾಫಿ ತಂದಿಟ್ಟ ನಮ್ಮ ಮನೆಯವರು, “ಭಾವ, ಆ ನಾಲ್ಕು ಸಾವಿರಕ್ಕೆ ಅವರು ಏನೇನು ನೋಡಿಕೊಡುತ್ತಾರಂತೆ?” ಎಂದು ಕೇಳಿದರು. ಮೇಷ್ಟರು ನಮ್ಮ ಮುಖ ನೋಡಿದರು. ನಾವು ಚೀಟಿಯನ್ನು ನೋಡಿದೆವು. ಚೀಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಮರುದಿನದಿಂದ ಮೇಷ್ಟರೊಡನೆ ನಾವೂ ಹೊರಟು ಮೂವರನ್ನೂ ಕಂಡು ಇದೊಂದೇ ಪ್ರಶ್ನೆಯನ್ನು ಕೇಳಿದೆವು. ಪತ್ರ ಬರಹಗಾರರು ಮರೆಮಾಚದೆ ಹೇಳಿದರು: “ಸ್ವಾಮಿ, ನೀವು ಕೊಟ್ಟ ವಿವರದಂತೆ ಪತ್ರ ಬರೆದು, ಕಾವೇರಿ ತಂತ್ರಾಂಶಕ್ಕೆ ಏರಿಸಿ, ದಿನ ಗೊತ್ತುಮಾಡಿಸಿ ಸಹಿ ಹಾಕಿಸುವುದು ನನ್ನ ಕೆಲಸ. ಮನೆ ಮಾರುವವರದು ಹೌದೊ ಅಲ್ಲವೊ ನೋಡುವುದು ನನ್ನ ಕೆಲಸವಲ್ಲ.” ಗುಬ್ಬಿಯ ವಕೀಲರು, ಮಾರುವವರು ತಂದುಕೊಟ್ಟ ಕಾಗದಗಳನ್ನು ಓದಿ ಅಭಿಪ್ರಾಯ ಕೊಡುವುದಾಗಿಯೂ, ಕಚೇರಿಗಳಿಗೆ ತಾವು ಹೋಗುವುದಿಲ್ಲವೆಂದೂ ಹೇಳಿದರು. ಕುಣಿಗಲ್ಲಿನವರು 30 ವರ್ಷಗಳ ಋಣಭಾರ ಪತ್ರ ತೆಗೆಸಿ, ಮೂಲಪತ್ರಗಳನ್ನು ಕಣ್ಣಾರೆ ಕಂಡು, ನ್ಯಾಯಾಲಯಗಳಲ್ಲಿ ಮಾರುವವರ ಹೆಸರಿನಲ್ಲಿ ವ್ಯಾಜ್ಯವಿದೆಯೇ ಎಂದು ಹುಡುಕಿ, ಬರಹದ ಅಭಿಪ್ರಾಯವನ್ನೂ ಕ್ರಯಪತ್ರದ ಕರಡನ್ನೂ ಕೊಡುವುದಾಗಿ ಒಪ್ಪಿದರು. ಹೀಗೆ ಮೇಷ್ಟರ ಚೀಟಿಯಲ್ಲಿದ್ದುದು ಒಂದು ಕೆಲಸದ ಮೂರು ಬೆಲೆಯಲ್ಲ. ಮೂರು ಬೇರೆ ಬೇರೆ ಕೆಲಸಗಳ ಬೆಲೆ. ಬರೆಯುವ ಕೂಲಿಯನ್ನು ನೋಡುವ ಕೂಲಿಯೊಡನೆ ತೂಗಿ ನಾವು ತೀರ್ಪು ಹೇಳಿದ್ದೆವು!

ಸರ್ಕಾರಕ್ಕೆ ಸಲ್ಲುವ ಹಣವಾದರೋ ಯಾರಲ್ಲಿಗೆ ಹೋದರೂ ಒಂದೇ. ತುಮಕೂರು ನಗರದ 40 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ ನೂರಕ್ಕೆ 5ರಂತೆ 2,00,000. ಆ ಶುಲ್ಕದ ಮೇಲೆ ಸೆಸ್ಸು ನೂರಕ್ಕೆ 10ರಂತೆ 20,000, ಸರ್ಚಾರ್ಜು ನೂರಕ್ಕೆ 2ರಂತೆ 4,000. ನೋಂದಣಿ ಶುಲ್ಕ 80,000. ಈ ಕೊನೆಯದು ನೂರಕ್ಕೆ ಒಂದಿದ್ದುದು 2025ರ ಆಗಸ್ಟ್ 31ರಿಂದ ಎರಡಾಯಿತು. ಒಟ್ಟು 3,04,000 ರೂಪಾಯಿ. ಮಾರ್ಗಸೂಚಿ ಬೆಲೆ ಕ್ರಯಕ್ಕಿಂತ ಹೆಚ್ಚಾಗಿದ್ದರೆ ಲೆಕ್ಕ ಅದರ ಮೇಲೆ ನಡೆಯುತ್ತದೆ. “ಎಲ್ಲ ಸೇರಿ ಮೂರು ನಲವತ್ತು ಕೊಟ್ಟುಬಿಡಿ, ನೀವು ಬಂದು ಸಹಿ ಹಾಕಿದರೆ ಸಾಕು” ಎನ್ನುವ ಪುಣ್ಯಾತ್ಮರು ಎಲ್ಲ ಊರುಗಳಲ್ಲಿಯೂ ಇರುವರು. ಅಂಥವರನ್ನು ಉಳಿದ 36,000 ಯಾವುದಕ್ಕೆಂದು ಬಿಡಿಸಿ ಬರೆದುಕೊಡುವಂತೆ ಕೇಳತಕ್ಕುದು. ಸರ್ಕಾರದ ಹಣವನ್ನು ಕಾವೇರಿಯ ಮೂಲಕ ಕೊಳ್ಳುವವರೇ ನೇರವಾಗಿ ಕಟ್ಟಬಹುದು.

ಇನ್ನು ನೋಡುವ ಕೆಲಸವೆಂದರೆ ಏನು? ಋಣಭಾರ ಪತ್ರವೊಂದು ಕೈಗೆ ಬಂದರೆ ಎಲ್ಲವೂ ಬಂದಂತೆ ಎಂದು ತಿಳಿದವರು ಬಹಳ ಮಂದಿ. ಅದು ರಿಜಿಸ್ಟರಾದ ವ್ಯವಹಾರಗಳ ಪಟ್ಟಿ ಮಾತ್ರ. 2004ರ ಏಪ್ರಿಲಿನಿಂದ ಈಚಿನದು ಮನೆಯಲ್ಲಿ ಕುಳಿತೇ ದೊರೆಯುವುದು. ಅದಕ್ಕೂ ಹಿಂದಿನದಕ್ಕೆ ಸಾಮಾನ್ಯವಾಗಿ ಆ ಸ್ವತ್ತಿನ ಮೂಲ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಕಾಣುವುದಿಲ್ಲ. ರಿಜಿಸ್ಟರಾಗದ ಉಯಿಲು ಕಾಣುವುದಿಲ್ಲ. ತಂದೆ ಸತ್ತಾಗ ಯಾರುಯಾರಿಗೆ ಹಕ್ಕು ಬಂದಿತೆಂಬುದೂ ಕಾಣುವುದಿಲ್ಲ. ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಒಡೆಯರೆಂಬ ನಂಬಿಕೆಯೂ ಸಲ್ಲದು. ಖಾತೆಯು ಕಂದಾಯ ಕಟ್ಟುವುದಕ್ಕಾಗಿ ಇರತಕ್ಕುದು, ಒಡೆತನಕ್ಕೆ ಅದೇ ಆಧಾರವಲ್ಲ.

ಮೇಷ್ಟರ ವಿಷಯದಲ್ಲಿ ತೊಡಕು ಇದ್ದುದು ಇಲ್ಲಿಯೇ. ಅವರು ಕುಣಿಗಲ್ಲಿನ ವಕೀಲರನ್ನೇ ಗೊತ್ತುಮಾಡಿದರು. ಮಾರುವವನ ತಂದೆ ಆ ಮನೆಯನ್ನು 1991ರಲ್ಲಿ ಕೊಂಡವರು. ಉಯಿಲು ಬರೆಯದೆ ತೀರಿಕೊಂಡರು. ಮಗ ಪೌತಿ ಖಾತೆ ಮಾಡಿಸಿಕೊಂಡು ಕಂದಾಯ ಕಟ್ಟುತ್ತ ಬಂದಿದ್ದನು. ಋಣಭಾರ ಪತ್ರ ಅಚ್ಚುಕಟ್ಟಾಗಿತ್ತು. ವಕೀಲರು ವಂಶವೃಕ್ಷವನ್ನು ತರಿಸಿದಾಗ ಇಬ್ಬರು ಹೆಣ್ಣುಮಕ್ಕಳಿರುವುದು ತಿಳಿಯಿತು. ಹಿಂದೂ ಗೃಹಸ್ಥನೊಬ್ಬನು ಉಯಿಲಿಲ್ಲದೆ ಸತ್ತರೆ ಅವನ ಸ್ವಯಾರ್ಜಿತದಲ್ಲಿ ಮಗನಿಗಿರುವಷ್ಟೇ ಹಕ್ಕು ಮಗಳಿಗೂ ಉಂಟೆಂಬುದು 1956ರ ಉತ್ತರಾಧಿಕಾರ ಕಾಯಿದೆ ಬಂದಾಗಿನಿಂದಲೂ ಇರುವ ಮಾತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಹಕ್ಕು 2005ರ ತಿದ್ದುಪಡಿಯಿಂದ ಬಂದುದು ಬೇರೆಯ ವಿಷಯ. ತಂಗಿಯರ ಸಹಿಯಿಲ್ಲದೆ ಕೊಂಡಿದ್ದರೆ ಮೇಷ್ಟರು ತಮ್ಮ ಬಾಳಿನ ಉಳಿತಾಯವನ್ನು ಸುರಿದು ಒಂದು ಭಾಗದ ದಾವೆಯನ್ನು ಕೊಂಡಂತಾಗುತ್ತಿತ್ತು.

ಗುಬ್ಬಿ ಕುಣಿಗಲುಗಳ ಹೊರವಲಯದಲ್ಲಿ ಹೊಲಗಳಲ್ಲಿ ಎದ್ದ ಬಡಾವಣೆಯಲ್ಲಿ ಕೊಳ್ಳುವವರಿಗೆ ಇನ್ನೂ ಹೆಚ್ಚಿನ ಶೋಧನೆ ಬೇಕು. ಭೂಪರಿವರ್ತನೆಯಾಗಿದೆಯೇ, ನಕ್ಷೆಗೆ ಮಂಜೂರಾತಿ ಇದೆಯೇ ಎಂಬುದಲ್ಲದೆ, ಆ ಜಮೀನು ಒಂದು ಕಾಲಕ್ಕೆ ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದ್ದೇ ಎಂದೂ ನೋಡಬೇಕು. ಹಾಗಿದ್ದಲ್ಲಿ ಸರ್ಕಾರದ ಅನುಮತಿಯಿಲ್ಲದೆ ನಡೆದ ಮಾರಾಟವನ್ನು 1978ರ ಕಾಯಿದೆಯು ಒಪ್ಪುವುದಿಲ್ಲ. ಇಂಥ ಕಡೆ ವಕೀಲರು ಹೆಚ್ಚು ಫೀಜು ಕೇಳಿದರೆ ಅದು ಅನ್ಯಾಯವಲ್ಲ. ಆದರೆ ಕ್ರಯದ ಹಣದ ಮೇಲೆ ನೂರಕ್ಕೆ ಇಷ್ಟೆಂದು ಕೇಳುವುದು ನಮಗೆ ಸರಿದೋರದು. 80 ಲಕ್ಷದ ಮನೆಯ ಕಾಗದಗಳು 40 ಲಕ್ಷದ ಮನೆಯವಕ್ಕಿಂತ ಎರಡರಷ್ಟು ಉದ್ದವಾಗಿರುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯುಂಟು: ‘ಕೊಳ್ಳಬೇಡಿ’ ಎಂದು ಹೇಳಿದರೆ ಆ ವಕೀಲರಿಗೆ ಫೀಜು ದೊರೆಯುವುದೇ? ನಾವು ಬಹಳ ಹಿಂದೆ ಒಂದು ನಿವೇಶನವನ್ನು ಕೊಂಡಾಗ, ದಲ್ಲಾಳಿಯೇ ಕರೆತಂದ ವಕೀಲರೊಬ್ಬರು ರಿಜಿಸ್ಟರಿಯಾದ ದಿನ ಫೀಜು ಕೊಟ್ಟರೆ ಸಾಕೆಂದರು. ಅವರ ಸೌಜನ್ಯಕ್ಕೆ ನಾವು ಮಾರುಹೋದೆವು. ವ್ಯವಹಾರ ಮುರಿದರೆ ಅವರಿಗೆ ಏನೂ ದಕ್ಕುತ್ತಿರಲಿಲ್ಲವೆಂಬುದು, ಚಕ್ಕುಬಂದಿ ತಪ್ಪಿದೆಯೆಂದು ನೆರೆಯವರು ಬೇಲಿ ಕಿತ್ತ ದಿನ ನಮಗೆ ಹೊಳೆಯಿತು. ಬ್ಯಾಂಕಿನ ಸಾಲ ಪಡೆಯುವವರು ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ ಎಂದು ಸುಮ್ಮನಿರುವುದುಂಟು. ಅವರು ನೋಡುವುದು ಬ್ಯಾಂಕಿಗಾಗಿ, ಅದರ ಸಾಲದ ಭದ್ರತೆಗಾಗಿ.

ಇಂಗ್ಲೆಂಡಿನಲ್ಲಿ ಈ ಕೆಲಸ ಸಾಲಿಸಿಟರುಗಳದು. ಮನೆ ಕ್ರಯದ ಫೀಜು ಎಷ್ಟು, ಅದರಲ್ಲಿ ಯಾವ ಕೆಲಸ ಸೇರಿದೆ ಎಂಬುದನ್ನು ಅವರು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2018ರ ಡಿಸೆಂಬರಿನಲ್ಲಿ ನಿಯಮವಾಯಿತು. ನಮ್ಮಲ್ಲಿ ವಕೀಲರು ಜಾಹೀರಾತು ಮಾಡಬಾರದೆಂಬುದು ವಕೀಲರ ಪರಿಷತ್ತಿನ ನಿಯಮ. ಆದುದರಿಂದ ನಾವೇ ಬಾಯಿಬಿಟ್ಟು ಕೇಳಬೇಕು. ಕೇಳುವುದಕ್ಕೆ ಸಂಕೋಚವೇಕೆ? ಸೀರೆಯಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ನೋಡುವವರು ನಾವು.

ಮೇಷ್ಟರ ಮನೆಯ ಮಾತು ಮುಗಿಸುತ್ತೇವೆ. ಹಿರಿಯ ತಂಗಿ ಕುಣಿಗಲ್ಲಿನಲ್ಲಿಯೂ ಕಿರಿಯಾಕೆ ಗುಬ್ಬಿಯಲ್ಲಿಯೂ ಇದ್ದರು. ಅಣ್ಣನಿಗೆ ಮೊದಲು ಕೋಪ ಬಂದಿತಾದರೂ, ನಾಲ್ಕು ತಿಂಗಳ ತರುವಾಯ ತಂಗಿಯರಿಬ್ಬರೂ ತಮ್ಮ ತಮ್ಮ ಪಾಲಿನ ಹಣ ಪಡೆದು ಕ್ರಯಪತ್ರಕ್ಕೆ ಸಹಿ ಹಾಕಿದರು. ಪತ್ರವನ್ನು ಶುದ್ಧಪ್ರತಿ ಮಾಡಿ ಕಾವೇರಿಗೆ ಏರಿಸಿದವರು ಆ ತುಮಕೂರಿನ ಬರಹಗಾರರೇ. ಕರಡು ಸಿದ್ಧವಿದ್ದುದರಿಂದ 2,500ಕ್ಕೆ ಒಪ್ಪಿದರು. ವಕೀಲರ 15,000ಕ್ಕೂ ಇದಕ್ಕೂ ಮೇಷ್ಟರು ರಸೀತಿ ಪಡೆದಿದ್ದಾರೆ. ಖಾತೆ ಬದಲಾವಣೆಯ ಓಡಾಟ ಮಾತ್ರ ಇವೆರಡರಲ್ಲಿಯೂ ಸೇರಿರಲಿಲ್ಲವೆಂದು ಈಗ ತಿಳಿದಿದೆ. ಅದನ್ನು ಮೊದಲೇ ಕೇಳದೆ ಹೋದುದು ನಮ್ಮ ತಪ್ಪು. ಮೇಷ್ಟರು ಅರ್ಜಿ ಹಿಡಿದು ಪಾಲಿಕೆಯ ಕಚೇರಿಗೆ ತಾವೇ ಹೋಗಿಬರುತ್ತಿದ್ದಾರೆ.