ಹಾದಿಯ ಹಕ್ಕು, ಹಾದಿಯ ಹೊಣೆ

ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ಯೋಜನೆ ಆರಂಭವಾದಾಗ, ಸಾಲುಮರಗಳ ನೆರಳುಳ್ಳ ಆ ನಗರದ ವಿಶಾಲವಾದ ಬೀದಿಗಳಲ್ಲಿ ಸೈಕಲಿಗೆ ಮತ್ತೆ ಗೌರವದ ಸ್ಥಾನ ಒದಗುವುದೆಂಬ ಆಶೆ ಸಹಜವಾಗಿಯೇ ಮೂಡಿತು. ಆದರೆ ಸೈಕಲುಗಳನ್ನು ಒದಗಿಸುವುದು ಆಡಳಿತದಿಂದ ಆಗಬಹುದಾದರೂ, ಅವುಗಳ ಮೇಲೆ ಸಾಗುವವರಿಗೆ ಅಭಯವನ್ನೀಯುವುದು ಸಹಸಂಚಾರಿಗಳ ಸೌಜನ್ಯದಿಂದ ಮಾತ್ರ ಸಾಧ್ಯ.

ಸೈಕಲ್ ಸವಾರನನ್ನು ಹಿಂದಿಕ್ಕುವ ಮೋಟಾರು ವಾಹನವು ಊರೊಳಗೆ ಕನಿಷ್ಠ 1.5 ಮೀಟರ್, ಊರ ಹೊರಗೆ 2 ಮೀಟರ್ ಅಂತರವನ್ನು ಬಿಡಬೇಕೆಂದು ಜರ್ಮನಿಯ ಕಾನೂನು 2020ರಿಂದ ವಿಧಿಸಿದೆ. ಅಂಥ ಔದಾರ್ಯವನ್ನು ತೋರಲು ನಮ್ಮ ಚಾಲಕರಿಗೆ ವಿವೇಕವೊಂದೇ ಸಾಕು. ರಸ್ತೆಯಂಚಿನಲ್ಲಿ ನಿಂತ ಕಾರಿನ ಬಲಬಾಗಿಲನ್ನು ತೆರೆಯುವವರು, ಸಮೀಪದ ಬಲಗೈಯ ಬದಲು ಎಡಗೈಯನ್ನು ಚಾಚಿದರೆ, ದೇಹವು ತಾನಾಗಿಯೇ ಹೊರಳಿ ದೃಷ್ಟಿಯು ಹಿಂದಿನಿಂದ ಬರುವ ಸೈಕಲಿನ ಕಡೆಗೆ ಹರಿಯುತ್ತದೆ. ಇಷ್ಟು ಅಲ್ಪವಾದ ಅಭ್ಯಾಸದಿಂದ ಒಂದು ಪ್ರಾಣ ಉಳಿದೀತು.

ಸೈಕಲ್ ಸವಾರರೂ ಎದುರುದಿಕ್ಕಿನಲ್ಲಿ ನುಗ್ಗದೆ, ತಿರುಗುವ ಮುನ್ನ ಕೈಸನ್ನೆ ಮಾಡಿ, ಇರುಳಿನಲ್ಲಿ ದೀಪವಿಲ್ಲದೆ ಹೊರಡದಿರುವ ನಿಯಮವನ್ನು ಪಾಲಿಸತಕ್ಕದ್ದು. ಆದರೂ ವಾಹನವು ಬಲಿಷ್ಠವಾದಷ್ಟೂ ಅದನ್ನು ನಡೆಸುವವರ ಹೊಣೆಯು ಹಿರಿದು. ಚಾಲನಾ ಪರವಾನಗಿ ನೀಡುವ ಮುನ್ನ ಈ ಧರ್ಮವನ್ನು ಬೋಧಿಸಿ ಪರೀಕ್ಷಿಸುವುದು ಸರ್ಕಾರದ ಆದ್ಯ ಕರ್ತವ್ಯವಾಗಬೇಕು.