ಗಾಡಿ ಎಳೆದ ಕೂಡ್ಲೇ ಅಲೈನ್‌ಮೆಂಟಾ?

ಮಳೆ ನಿಂತು ಅಡಿಕೆ ಕೊಯ್ಲು ಶುರುವಾಗೋ ಹೊತ್ತಿಗೆ ನಮ್ಮ ಕಡೆ ಗಾಡಿ ಇರೋರದ್ದೆಲ್ಲ ಒಂದೇ ಗೋಳು, "ಎಡಕ್ಕೆ ಎಳೀತದೆ ಮಾರಾಯ್ರೆ." ಕೇಳಿದವರೆಲ್ಲ ಕೊಡೋ ಮದ್ದೂ ಒಂದೇ, "ಅಲೈನ್‌ಮೆಂಟ್ ಮಾಡ್ಸು." ಪೇಟೆಗೆ ಹೋಗ್ತಾರೆ, ದುಡ್ಡು ಕೊಡ್ತಾರೆ, ಕೆಂಪು ಹಸಿರು ಬಣ್ಣದ ಚೀಟಿ ತರ್ತಾರೆ. ಗಾಡಿ ಮಾತ್ರ ಎಡಕ್ಕೇ ಎಳೀತಾ ಮನೆಗೆ ಬರ್ತದೆ. ತೋಟದಲ್ಲಿ ಗರಿ ಹಳದಿ ಆಯ್ತು ಅಂತ ಬುಡ ನೋಡದೆ ಯೂರಿಯಾ ಸುರಿಯೋನಿಗೆ ನಾವೇ ಬೈತೀವಿ. ಗಾಡಿ ವಿಷಯದಲ್ಲಿ ನಾವು ಮಾಡ್ತಿರೋದೂ ಅದನ್ನೇ.

ಮೊದಲು ಒಂದು ಮಾತು ಬಿಡಿಸಿ ಹೇಳ್ತೀನಿ. ನಮ್ಮೂರಲ್ಲಿ ಓಡಾಡೋ ಸಣ್ಣ ಕಾರುಗಳು, ಹಳೇ 800, ಆಲ್ಟೊ, ಓಮ್ನಿ, ಇವುಗಳಲ್ಲಿ ಅಲೈನ್‌ಮೆಂಟ್ ಅಂತ ತಿರುಗಿಸೋಕೆ ಇರೋದು ಟೋ ಒಂದೇ. ಅಂದ್ರೆ ಮುಂದಿನ ಎರಡು ಚಕ್ರದ ಮೂತಿ ಒಳಗೆ ನೋಡ್ತದಾ ಹೊರಗೆ ನೋಡ್ತದಾ ಅನ್ನೋದು. ಟೈ ರಾಡ್ ನಟ್ಟು ಸಡಿಲಿಸಿ ಅದನ್ನ ಸರಿ ಮಾಡ್ತಾರೆ. ಟೋ ತಪ್ಪಿದ್ರೆ ಟೈರು ಗರಗಸದ ಹಲ್ಲಿನ ಹಾಗೆ ಸವೀತದೆ, ಸ್ಟೀರಿಂಗ್ ಓರೆ ನಿಲ್ತದೆ. ಆದ್ರೆ ಗಾಡಿ ಓಡುವಾಗ ಆ ವ್ಯತ್ಯಾಸವನ್ನ ಎರಡೂ ಚಕ್ರ ಹಂಚಿಕೊಂಡು ನೆಟ್ಟಗೇ ಹೋಗ್ತವೆ. ಸ್ಟೀರಿಂಗ್ ಓರೆ ಇರೋದು ಬೇರೆ, ಗಾಡಿ ಎಳೆಯೋದು ಬೇರೆ. ಎರಡನ್ನೂ ಒಂದೇ ಅಂದುಕೊಂಡಿದ್ದಕ್ಕೇ ಇಷ್ಟು ದುಡ್ಡು ಹೋಗ್ತಿರೋದು. (ಸ್ಪೀಡಲ್ಲಿ ಸ್ಟೀರಿಂಗ್ ನಡುಗೋದು ಮೂರನೇದು, ಅದು ಹೆಚ್ಚಾಗಿ ಬ್ಯಾಲೆನ್ಸಿಂಗ್. ರಿಮ್ಮಿನ ಒಳಗೆ ಕೆಸರು ಒಣಗಿ ಕೂತ್ರೂ ನಡುಗ್ತದೆ. ಪೈಪ್ ಹಿಡಿದು ತೊಳೀರಿ ಸಾಕು.)

ನಿಜವಾಗಿ ಎಳೀತದಾ ಅಂತ ನೋಡೋದು ಮೊದಲ ಕೆಲಸ. ನೀರು ಚರಂಡಿಗೆ ಹೋಗ್ಲಿ ಅಂತ ರಸ್ತೆಯ ನಡು ಎತ್ತರ, ಅಂಚು ತಗ್ಗು ಮಾಡಿರ್ತಾರೆ. ನಾವು ಎಡಗಡೆ ಓಡ್ಸೋರು. ಹಿಡಿತ ಸಡಿಲ ಬಿಟ್ರೆ ಹೊಸಾ ಗಾಡಿಯೂ ನಿಧಾನಕ್ಕೆ ಎಡಕ್ಕೆ ಜಾರ್ತದೆ. ಎರಡೂ ಕಡೆ ದೂರದವರೆಗೆ ಕಾಣೋ ಖಾಲಿ ರಸ್ತೆಯಲ್ಲಿ ನಡುವಿಗೆ ಬಂದು, 40ರ ವೇಗದಲ್ಲಿ, ಕೈ ಸ್ಟೀರಿಂಗಿಗೆ ತಾಗಿಸಿಕೊಂಡೇ ನೋಡಿ. ಅಲ್ಲಿ ನೆಟ್ಟಗೆ ಹೋದ್ರೆ ನಿಮ್ಮ ಗಾಡಿಗೆ ಏನೂ ಆಗಿಲ್ಲ, ಮನೆಗೆ ಹೋಗಿ.

ಅಲ್ಲೂ ಎಳೆದ್ರೆ ಗಾಳಿ. ಗಾಳಿ ಕಮ್ಮಿ ಇರೋ ಕಡೆಗೆ ಗಾಡಿ ಎಳೀತದೆ. ಎಡಕ್ಕೆ 22, ಬಲಕ್ಕೆ 30 ಇದ್ರೆ ಯಾವ ಮೆಷಿನ್ ಏನು ಮಾಡೀತು? ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ, ಟೈರು ತಣ್ಣಗಿದ್ದಾಗ ನೋಡ್ಬೇಕು. ಎಷ್ಟು ಇರ್ಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಕಂಬದಲ್ಲೇ ಸ್ಟಿಕರ್ ಇರ್ತದೆ, ಖಾಲಿಗೆ ಒಂದು, ಲೋಡಿಗೆ ಒಂದು. ಅದನ್ನ ಓದಿದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ.

ಗಾಳಿ ಸರಿ ಇದ್ರೆ ಟೈರು. ಒಂದು ಪಂಚರ್ ಆಗಿ ಹರಿದ್ರೆ ಒಂದನ್ನೇ ಹೊಸದು ಹಾಕ್ಸೋದು ನಮ್ಮ ಪದ್ಧತಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಬೋಳು. ಸುತ್ತಳತೆ ಬೇರೆ ಆಯ್ತು, ಸಣ್ಣದಾದ ಕಡೆಗೆ ಗಾಡಿ ವಾಲ್ತದೆ. ಪಿಕಪ್ಪಿನವರು ಇನ್ನೂ ಒಂದು ಹೆಜ್ಜೆ ಮುಂದೆ, ಒಂದೇ ಆಕ್ಸಲ್ಲಿಗೆ ಒಂದು ನೈಲಾನ್, ಒಂದು ರೇಡಿಯಲ್! ಪರೀಕ್ಷೆ ಸುಲಭ. ಮುಂದಿನ ಎಡ ಬಲ ಚಕ್ರ ಅದಲು ಬದಲು ಮಾಡಿ ಓಡಿಸಿ ನೋಡಿ. ಎಳೆತದ ದಿಕ್ಕು ಬದಲಾದ್ರೆ ಕಳ್ಳ ಟೈರೇ. ಬಾಣದ ಗುರುತು ಇರೋ ಟೈರಾದ್ರೆ ಒಂದೇ ದಿಕ್ಕಿಗೆ ತಿರುಗ್ಬೇಕು, ಅದನ್ನ ಹೀಗೆ ಬದಲಾಯಿಸ್ಬೇಡಿ. ಜಾಕು, ಪಾನಾ, ಅರ್ಧ ಗಂಟೆ, ಖರ್ಚು ಸೊನ್ನೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಇದನ್ನ ಮಾಡಿ ನೋಡಿದ್ದನ್ನ ನಾನಂತೂ ಕಂಡಿಲ್ಲ. ಅವರನ್ನ ಕೇಳಿದ್ರೆ, "ನೀವು ಅಲೈನ್‌ಮೆಂಟ್ ಅಂದ್ರಿ, ಮಾಡಿ ಕೊಟ್ವಿ" ಅಂತಾರೆ. ಅದೂ ಸುಳ್ಳಲ್ಲ. ರೋಗ ಹೇಳೋ ಬದಲು ಮದ್ದು ಕೇಳೋರು ನಾವೇ.

ಈಗ ಬ್ರೇಕ್. ನನಗೆ ಸಿಟ್ಟು ಬರೋದು ಇಲ್ಲಿ.

ಬ್ರೇಕ್ ಒತ್ತಿದಾಗ ಮಾತ್ರ ಗಾಡಿ ಎಡಕ್ಕೆ ಹಾರಿದ್ರೆ ಬಲಗಡೆ ಸರಿಯಾಗಿ ಹಿಡೀತಿಲ್ಲ ಅಂತ ಅರ್ಥ ಇರಬಹುದು. ಜೋರಾಗಿ ಹಿಡಿದ ಕಡೆಗೆ ಗಾಡಿ ತಿರುಗ್ತದೆ, ಕೆಟ್ಟಿರೋದು ಎದುರಿನದ್ದು. ಎಡಕ್ಕೆ ಎಳೀತದೆ ಅಂತ ಎಡದ ಚಕ್ರ ಮಾತ್ರ ಬಿಚ್ಚಿ ನೋಡಿ "ಎಲ್ಲ ಸರಿ ಇದೆ" ಅನ್ನೋ ಮೆಕ್ಯಾನಿಕ್ ಹತ್ರ ಇನ್ನೊಂದು ಕಡೆಯೂ ಬಿಚ್ಚಿಸಿ. ಡಿಸ್ಕ್ ಇರೋ ಕಡೆ ಕ್ಯಾಲಿಪರ್ ಜಾರೋ ಪಿನ್ನು ತುಕ್ಕು ಹಿಡಿದಿರ್ತದೆ. ನಮ್ಮ ಮಳೆಗೆ, ನಮ್ಮ ತೋಟದ ದಾರಿಯ ಕೆಸರಿಗೆ ಅದು ಹಿಡೀದೆ ಇರ್ತದಾ? ಡ್ರಮ್ ಇದ್ರೆ ವೀಲ್ ಸಿಲಿಂಡರ್ ಸೋರಿ ಬ್ರೇಕ್ ಆಯಿಲ್ ಶೂಗೆ ತಾಗಿರ್ತದೆ.

ಬ್ರೇಕ್ ಒತ್ತದೆ ಇದ್ರೂ ಯಾವಾಗ್ಲೂ ಎಳೀತಿದ್ರೆ ಐದಾರು ಕಿಲೋಮೀಟರ್ ಆದಷ್ಟು ಕಮ್ಮಿ ಬ್ರೇಕಲ್ಲಿ ಓಡಿಸಿ ನಿಲ್ಲಿಸಿ. ರಿಮ್ಮಿನ ಹತ್ತಿರ ಕೈ ಹಿಡೀರಿ, ಮುಟ್ಟಬೇಡಿ. ಒಂದು ಕಡೆ ಒಲೆಯ ಹಾಗೆ ಕಾದಿದ್ರೆ ಆ ಕಡೆ ಬ್ರೇಕ್ ಬಿಡ್ತಾ ಇಲ್ಲ. ಆಮೇಲೆ ಜಾಕು ಕೊಟ್ಟು ಚಕ್ರ ಕೈಯಲ್ಲಿ ತಿರುಗಿಸಿ, ಬಿಗಿ ಇರೋದು ಗೊತ್ತಾಗ್ತದೆ. ಪಿನ್ನು, ಪಿಸ್ಟನ್ ಎಲ್ಲ ಸರಿ ಇದ್ರೂ ಬಿಡದಿದ್ರೆ ಬ್ರೇಕಿನ ರಬ್ಬರ್ ಹೋಸ್ ನೋಡಿಸಿ. ಹಳೇದು ಒಳಗೇ ಊದಿಕೊಂಡ್ರೆ ಆಯಿಲ್ ಹೋಗ್ತದೆ, ವಾಪಸ್ ಬರಲ್ಲ. ಹೊರಗಿಂದ ಚೆನ್ನಾಗೇ ಕಾಣ್ತದೆ.

ನಮ್ಮ ಪಕ್ಕದ ಮನೆ ಭಾವನ ಕಾರಿಗೆ ಒಂದೇ ವರ್ಷ ಎರಡು ಸಲ ಅಲೈನ್‌ಮೆಂಟ್ ಆಯ್ತು. ಎರಡನೇ ಸಲ ಚೀಟಿ ಪೂರ್ತಿ ಹಸಿರು. ಕೊನೆಗೆ ಬಿಚ್ಚಿಸಿದ್ರೆ ಮುಂದಿನ ಎಡ ಕ್ಯಾಲಿಪರ್ ಪಿನ್ನು ಸುತ್ತಿಗೆ ಇಲ್ಲದೆ ಹೊರಗೆ ಬರ್ಲಿಲ್ಲ, ಒಂದು ಪ್ಯಾಡ್ ಕಬ್ಬಿಣದ ತನಕ ಸವೆದಿತ್ತು. ತೊಳೆದು, ಬ್ರೇಕ್ ಗ್ರೀಸ್ ಹಾಕಿ, ಎರಡೂ ಕಡೆ ಪ್ಯಾಡ್ ಬದಲಾಯಿಸಿದ್ರು, ನೆಟ್ಟಗಾಯ್ತು. ಆ ಸ್ಥಿತಿಯಲ್ಲಿ ಭಾವ ಎರಡು ತಿಂಗಳು ಮಕ್ಕಳನ್ನ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಹತ್ತಿದ್ರು. 14 ತಿರುವು. ಕಿಸೆಯಲ್ಲಿ ಹಸಿರು ಚೀಟಿ ಇತ್ತು ಅನ್ನೋ ಧೈರ್ಯ!

ಪಿಕಪ್ ಇರೋರು ಹಿಂದಕ್ಕೂ ನೋಡ್ಬೇಕು. ಗೊಬ್ಬರದ ಮೂಟೆ, ಜಲ್ಲಿ, ಅಡಿಕೆ ಗೊನೆ, ಎಷ್ಟು ಹಿಡಿದ್ರೆ ಅಷ್ಟು ತುಂಬ್ತೀವಿ. ಯು ಬೋಲ್ಟ್ ಸಡಿಲಾಗಿ ಲೀಫ್ ಸ್ಪ್ರಿಂಗಿನ ಸೆಂಟರ್ ಬೋಲ್ಟ್ ಮುರಿದ್ರೆ ಹಿಂದಿನ ಆಕ್ಸಲ್ ಒಂದು ಕಡೆ ಸರೀತದೆ. ಗಾಡಿ ನಾಯಿ ಓಡೋ ಹಾಗೆ ಓರೆಯಾಗಿ ಓಡ್ತದೆ. ಮುಂದಿನ ಚಕ್ರಕ್ಕೆ ಎಷ್ಟು ಸಲ ಅಲೈನ್‌ಮೆಂಟ್ ಮಾಡ್ಸಿದ್ರೂ ಹೋಗಲ್ಲ. ಸ್ಟೀರಿಂಗ್ ನೆಟ್ಟಗಿಟ್ಟು ಮುಂದಿನ ಚಕ್ರದ ನಡುವಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಕಡೆ ಟೇಪ್ ಹಿಡೀರಿ. ಅಳತೆ ಬೇರೆ ಬಂದ್ರೆ ಗಾಡಿಯ ಅಡಿಗೆ ಹೋಗಿ ನೋಡಿ.

ಇಷ್ಟೆಲ್ಲ ಸರಿ ಇದ್ದು, ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಬೇರಿಂಗ್ ಅಲುಗಾಡಲ್ಲ ಅಂತ ಗೊತ್ತಾದ ಮೇಲೆ ಧಾರಾಳವಾಗಿ ಮೆಷಿನ್ನಿಗೆ ಕೊಡಿ. ಆಗ ಚೀಟಿಯಲ್ಲಿ ಟೋ ಬಿಟ್ಟು ಕ್ಯಾಂಬರ್, ಕ್ಯಾಸ್ಟರ್ ಅನ್ನೋ ಸಾಲು ಓದಿ. ಎಡ ಬಲಕ್ಕೆ ತುಂಬಾ ವ್ಯತ್ಯಾಸ ಇದ್ರೆ ಯಾವಾಗಲೋ ಮೋರಿಗೋ ಗುಂಡಿಗೋ ಬಿದ್ದು ಸ್ಟ್ರಟ್ಟೋ ಆರ್ಮೋ ಬಗ್ಗಿದೆ. ಅದನ್ನ ನಟ್ಟು ತಿರುಗಿಸಿ ಸರಿ ಮಾಡೋಕೆ ಬರಲ್ಲ, ಬಗ್ಗಿದ್ದನ್ನ ಬದಲಾಯಿಸ್ಬೇಕು. "ಟೋ ಸೆಟ್ ಮಾಡಿದೀವಿ ಸಾರ್, ಸರಿ ಹೋಗ್ತದೆ" ಅಂದ್ರೆ ದುಡ್ಡು ಕೊಡೋ ಮುಂಚೆ ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಒಂದು ಸುತ್ತು ಓಡಿಸಿ.

ಕೊಯ್ಲಿನ ಟೈಮಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಅಂತ ಕೇಳೋರಿಗೆ: ಗಾಳಿ, ಟೈರು ಅದಲು ಬದಲು, ರಿಮ್ಮಿನ ಬಿಸಿ, ಮೂರೂ ಸೇರಿ ಒಂದು ಬೆಳಿಗ್ಗೆ ಸಾಕು. ಬ್ರೇಕಿಗೆ ಎಳೆಯೋ ಗಾಡಿಗೆ ಮಾತ್ರ ಪುರುಸೊತ್ತಿನ ಮಾತೇ ಬೇಡ, ಅದಕ್ಕೆ ಲೋಡೂ ಹಾಕ್ಬೇಡಿ, ಜನರನ್ನೂ ಕೂರಿಸ್ಬೇಡಿ. ಗಾಳಿ ಗೇಜ್ ಇಲ್ಲದವರು ನಮ್ಮ ಮನೆಗೆ ಬನ್ನಿ, ಕೊಡ್ತೀನಿ. ಹೋದ ವರ್ಷ ತಗೊಂಡು ಹೋದವರು ಇನ್ನೂ ವಾಪಸ್ ಕೊಟ್ಟಿಲ್ಲ, ಅದು ಎರಡನೇದು.