ಮಾಯಕೊಂಡದ ಶಾಲೆಗೊಂದು ಪೆಟ್ಟಿಗೆ

ಭಾರತದಲ್ಲಿ ಫಾಲ್ ಸೈನಿಕ ಹುಳುವಿನ ಹಾವಳಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಿನಲ್ಲಿ, ನಮ್ಮ ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅಮೆರಿಕ ಖಂಡಗಳ ಮೂಲದ ಈ ಕೀಟ 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, ಎರಡೇ ವರ್ಷಗಳಲ್ಲಿ ನಮ್ಮ ಬಾಗಿಲಿಗೆ ಬಂದಿತ್ತು. ದಾವಣಗೆರೆ ಜಿಲ್ಲೆಯ ಮಳೆಯಾಶ್ರಿತ ಭೂಮಿಯ ಬದುಕು ನಿಂತಿರುವುದೇ ಮೆಕ್ಕೆಜೋಳದ ಮೇಲೆ. ರೈತರು ಲದ್ದಿಹುಳು ಎಂದು ಕರೆಯುವ ಈ ಮರಿಹುಳು ಗಿಡದ ಸುಳಿಯೊಳಗೆ ಸೇರಿಕೊಂಡ ಮೇಲೆ ಔಷಧ ಸಿಂಪಡಿಸಿದರೂ ಸುಲಭವಾಗಿ ತಾಗುವುದಿಲ್ಲ. ಎಳೆಯ ಹಂತದಲ್ಲೇ ಗುರುತಿಸಿದರೆ ಮಾತ್ರ ಖರ್ಚೂ ಕಡಿಮೆ, ವಿಷವೂ ಕಡಿಮೆ. ಗುರುತಿಸುವುದು ಕಷ್ಟವೂ ಅಲ್ಲ. ಬೆಳೆದ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ‘ವೈ’ ಅಕ್ಷರದಂಥ ಗೆರೆ, ಬಾಲದ ತುದಿಗೆ ಸಮೀಪದ ಖಂಡದಲ್ಲಿ ಚೌಕಾಕಾರವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳು. ಒಮ್ಮೆ ಕೈಯಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡಿದ ಹತ್ತು ವರ್ಷದ ಹುಡುಗಿ ಅದನ್ನು ಮರೆಯುವುದಿಲ್ಲ.

ಆದರೆ ಅವಳಿಗೆ ಅದನ್ನು ಯಾರು ತೋರಿಸಬೇಕು? ಕೀಟದ ಜೀವನಚಕ್ರವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ, ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಶಾಲೆಯ ಕಾಂಪೌಂಡಿನ ಆಚೆಗೆ ಅಪ್ಪನ ಹೊಲದಲ್ಲಿ ನಡೆಯುತ್ತಿರುವುದು ಅದೇ ಜೀವನಚಕ್ರ ಎಂಬುದು ಮಾತ್ರ ಅವರಿಗೆ ಹೊಳೆಯುವುದಿಲ್ಲ. ಪುಸ್ತಕದ ಚಿತ್ರಕ್ಕೂ ಹೊಲದ ಹುಳುವಿಗೂ ನಡುವೆ ಸಂಬಂಧ ಕಲ್ಪಿಸಬೇಕಾದ ಸಂಸ್ಥೆಯೆಂದರೆ ನಿಸರ್ಗದ ವಸ್ತುಸಂಗ್ರಹಾಲಯ. ಮಾದರಿಗಳನ್ನು ಸಂಗ್ರಹಿಸಿ, ಹೆಸರಿಟ್ಟು, ವಿವರಿಸಿ ತೋರಿಸುವುದೇ ಅದರ ಕಸುಬು.

ಅಂಥ ಸಂಸ್ಥೆ ಕರ್ನಾಟಕದಲ್ಲಿ ಇಲ್ಲವೆಂದಲ್ಲ. ಮೈಸೂರಿನ ಕಾರಂಜಿ ಕೆರೆಯ ದಂಡೆಯ ಮೇಲೆ ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವಿದೆ. 1995ರಲ್ಲಿ ತೆರೆದ ಈ ಸಂಗ್ರಹಾಲಯವನ್ನು ಚೆನ್ನಾಗಿಯೇ ಕಟ್ಟಿದ್ದಾರೆ. ಮಕ್ಕಳು ಮುಟ್ಟಿ ನೋಡಿ ಕಲಿಯುವ ಕೊಠಡಿಯೂ ಅಲ್ಲಿದೆ. ಬೇಸಿಗೆ ಶಿಬಿರ, ವನ್ಯಜೀವಿ ಸಪ್ತಾಹದ ಸ್ಪರ್ಧೆಗಳೂ ನಡೆಯುತ್ತವೆ. ಆದರೆ ಬೇಸಿಗೆ ಶಿಬಿರಕ್ಕೆ ದಿನವೂ ಹೋಗಿಬರಬಲ್ಲವರು ಮೈಸೂರಿನ ಮಕ್ಕಳಷ್ಟೆ. ದಾವಣಗೆರೆ ತಾಲ್ಲೂಕಿನ ಮಾಯಕೊಂಡದಿಂದ ಕಾರಂಜಿ ಕೆರೆಗೆ ಸುಮಾರು 300 ಕಿಲೋಮೀಟರ್. ಶಾಲಾ ಪ್ರವಾಸದಲ್ಲಿ ಮೈಸೂರು ಇದ್ದೇ ಇರುತ್ತದೆ, ನಿಜ. ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಸಂಜೆಗೆ ಬೃಂದಾವನ ಎಂಬ ಓಟದಲ್ಲಿ ಸಂಗ್ರಹಾಲಯಕ್ಕೆ ಅರ್ಧ ಗಂಟೆ ಸಿಕ್ಕರೆ ಅದೇ ಹೆಚ್ಚು. ಅದಕ್ಕೂ ಪ್ರವಾಸದ ಹಣ ಕಟ್ಟಬಲ್ಲ ಮನೆಯ ಮಕ್ಕಳಿಗೆ ಮಾತ್ರ ಅವಕಾಶ. ಉಳಿದವರು ಆ ಎರಡು ದಿನ ಮನೆಯಲ್ಲಿರುತ್ತಾರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಒಂದು ಸರಳ ಲೆಕ್ಕ ಕಾಣುತ್ತದೆ. ಐವತ್ತು ಮಕ್ಕಳನ್ನು ವಸ್ತುವಿನ ಬಳಿಗೆ ಒಯ್ಯುವ ವೆಚ್ಚ ಪ್ರತಿ ತಂಡಕ್ಕೂ ಮತ್ತೆ ಅಷ್ಟೇ ಬೀಳುತ್ತದೆ; ವಸ್ತುವನ್ನೇ ಮಕ್ಕಳ ಬಳಿಗೆ ಒಯ್ದರೆ ಮೊದಲ ಶಾಲೆಯ ನಂತರ ಪ್ರತಿ ಶಾಲೆಗೂ ತಗಲುವುದು ಸಾಗಣೆಯ ಅಲ್ಪ ವೆಚ್ಚ ಮಾತ್ರ. ಒಂದು ಪೆಟ್ಟಿಗೆ ಪ್ರತಿ ಶಾಲೆಯಲ್ಲಿ ಎರಡು ವಾರ ಇದ್ದು ಮುಂದಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ರಜೆ, ಪರೀಕ್ಷೆಗಳನ್ನು ಕಳೆದರೂ ವರ್ಷಕ್ಕೆ ಹದಿನೈದು ಶಾಲೆಗಳನ್ನು ಅದು ಮುಟ್ಟಬಹುದು. ಹತ್ತು ಪೆಟ್ಟಿಗೆಗಳಿದ್ದರೆ ನೂರೈವತ್ತು ಶಾಲೆ.

ಇದೇನೂ ಹೊಸ ಯೋಚನೆಯಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ವಸ್ತುಸಂಗ್ರಹಾಲಯ 1884ರಲ್ಲೇ ಮಾದರಿಗಳ ಪೆಟ್ಟಿಗೆಗಳನ್ನು ಶಾಲೆಗಳಿಗೆ ಎರವಲು ಕೊಡತೊಡಗಿತು. ಷಿಕಾಗೋ ನಗರದ ಫೀಲ್ಡ್ ಮ್ಯೂಸಿಯಂಗೆ 1911ರಲ್ಲಿ ನಾರ್ಮನ್ ಹ್ಯಾರಿಸ್ ಎಂಬ ಬ್ಯಾಂಕರ್ ಎರಡೂವರೆ ಲಕ್ಷ ಡಾಲರ್ ದತ್ತಿ ಕೊಟ್ಟದ್ದು ಇದೇ ಕೆಲಸಕ್ಕಾಗಿ. ಮುಂಭಾಗಕ್ಕೆ ಗಾಜು ಹಾಕಿದ ಮರದ ಪೆಟ್ಟಿಗೆಗಳಲ್ಲಿ ಹಕ್ಕಿ, ಕೀಟ, ಗಿಡ, ಖನಿಜಗಳನ್ನು ಜೋಡಿಸಿ ಊರಿನ ಶಾಲೆಗಳಿಗೆ ಸರದಿಯಂತೆ ಕಳುಹಿಸಿದರು. ಮ್ಯೂಸಿಯಂ ನೋಡಲು ಬಾರದ ಬಡ ಬಡಾವಣೆಗಳ ಮಕ್ಕಳನ್ನೂ ಅವು ತಲುಪಿದವು. ನೂರು ವರ್ಷ ದಾಟಿದ ಮೇಲೂ ಆ ಎರವಲು ಸಂಗ್ರಹ ಹ್ಯಾರಿಸ್ ಹೆಸರಿನಲ್ಲೇ ನಡೆದಿದೆ.

ನಮ್ಮಲ್ಲಿ ಚಕ್ರದ ಮೇಲಿನ ವಿಜ್ಞಾನಕ್ಕೆ ಒಳ್ಳೆಯ ಪರಂಪರೆಯಿದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಸಂಚಾರಿ ಪ್ರದರ್ಶನದ ಬಸ್ಸು ದಶಕಗಳಿಂದ ಹಳ್ಳಿಯ ಶಾಲೆಗಳಿಗೆ ಹೋಗುತ್ತಿದೆ. 1999ರಲ್ಲಿ ಆರಂಭವಾದ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳೂ ಶ್ಲಾಘನೀಯ ಕೆಲಸ ಮಾಡಿವೆ. ಆದರೂ ಬಸ್ಸಿಗೊಂದು ಮಿತಿಯುಂಟು. ಅದು ಬಂದ ದಿನ ಊರಿಗೆ ಜಾತ್ರೆ. ಸಾಲಿನಲ್ಲಿ ನಿಂತ ಮಗುವಿಗೆ ಒಂದು ಮಾದರಿಯ ಮುಂದೆ ಸಿಗುವುದು ಅರೆ ನಿಮಿಷ. ಮರುದಿನ ಪ್ರಶ್ನೆ ಹುಟ್ಟಿದಾಗ ಬಸ್ಸು ಮುಂದಿನ ಊರಿನಲ್ಲಿರುತ್ತದೆ. ಬೆಂಗಳೂರಿನಲ್ಲಿ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಆ ಕಾಲದ ಜನ ‘ತಮಾಷೆ ಬಂಗಲೆ’ ಎನ್ನುತ್ತಿದ್ದರಂತೆ. ಒಂದು ದಿನದ ಪ್ರದರ್ಶನ ಬಹುಮಟ್ಟಿಗೆ ತಮಾಷೆಯಾಗಿಯೇ ಉಳಿಯುತ್ತದೆ. ಎರಡು ವಾರ ತರಗತಿಯ ಮೂಲೆಯಲ್ಲಿ ಕುಳಿತ ಪೆಟ್ಟಿಗೆ ಹಾಗಲ್ಲ. ಮೊದಲ ದಿನದ ಕುತೂಹಲ ತಣಿದ ಮೇಲೆ, ಮೂರನೆಯ ದಿನವೋ ನಾಲ್ಕನೆಯ ದಿನವೋ, ಮಾತನಾಡದ ಮಗುವೊಂದು ಮೆಲ್ಲಗೆ ಬಂದು ಮುಚ್ಚಳ ತೆರೆಯುತ್ತದೆ.

ಇಷ್ಟು ಹೇಳುತ್ತಲೇ ‘ಹಾಗಾದರೆ ದಾವಣಗೆರೆಗೇ ಒಂದು ವಸ್ತುಸಂಗ್ರಹಾಲಯ ಮಂಜೂರು ಮಾಡಿಸೋಣ’ ಎನ್ನುವವರು ಸಿಗುತ್ತಾರೆ. ಈ ಉತ್ಸಾಹವನ್ನು ಕಂಡರೆ ನನಗೆ ಭಯ. ಕಟ್ಟಡಕ್ಕೆ ಅನುದಾನ ಸಿಗುತ್ತದೆ, ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರುಗಳು ಬರುತ್ತವೆ. ಮೂರು ವರ್ಷಗಳ ನಂತರ ಕ್ಯುರೇಟರ್ ಹುದ್ದೆ ಖಾಲಿ, ದೀಪದ ಬಿಲ್ಲು ಬಾಕಿ. ಮೇಲಾಗಿ ಎಲ್ಲವನ್ನೂ ಒಂದೇ ಸೂರಿನಡಿ ಇಡುವುದರ ಅಪಾಯವನ್ನು ದೆಹಲಿ ನೋಡಿದೆ. 1978ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ 2016ರ ಏಪ್ರಿಲ್ 26ರ ಬೆಳಗಿನ ಜಾವದ ಬೆಂಕಿಯಲ್ಲಿ ಸುಟ್ಟುಹೋಯಿತು.

ಪೆಟ್ಟಿಗೆಯಲ್ಲಿ ಏನಿರಬೇಕೆಂಬುದು ಮುಖ್ಯ ಪ್ರಶ್ನೆ. ಹುಲಿ, ಆನೆ, ಪಶ್ಚಿಮಘಟ್ಟದ ಮಳೆಕಾಡು ಇವುಗಳಿಗೆ ನಮ್ಮ ದೂರದರ್ಶನವೂ ಕ್ಯಾಲೆಂಡರುಗಳೂ ಸಾಕಷ್ಟು ಪ್ರಚಾರ ಕೊಟ್ಟಿವೆ. ಬಯಲುಸೀಮೆಯ ಮಗುವಿಗೆ ತನ್ನ ಸೀಮೆಯಲ್ಲಿ ನೋಡುವಂಥದ್ದೇನೂ ಇಲ್ಲವೆಂಬ ಭಾವನೆ ಬಂದುಬಿಟ್ಟಿದೆ. ಕಂದಾಯ ದಾಖಲೆಗಳೂ ಇದಕ್ಕೆ ಕುಮ್ಮಕ್ಕು ಕೊಟ್ಟಿವೆಯೆನ್ನಬೇಕು. ಉಳುಮೆಗೆ ಬಾರದ ಕಲ್ಲುಗುಡ್ಡ, ಹಳ್ಳಕೊಳ್ಳಗಳನ್ನೆಲ್ಲ ನಾವು ‘ಖರಾಬು’ ಎಂದು ಬರೆದು ಮುಗಿಸಿದವರು. ಆ ಖರಾಬಿನಲ್ಲಿ ಬದುಕುವ ಜೀವಗಳ ಪಟ್ಟಿ ಪಹಣಿಯ ಯಾವ ಕಾಲಂನಲ್ಲಿಯೂ ಇಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ವನ್ಯಜೀವಿಧಾಮವಾದದ್ದು ಕೊಂಡುಕುರಿಗಾಗಿ. ಕಾಡಿನಲ್ಲಿ ಬದುಕುವ ಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರುವುದು ಇದಕ್ಕೊಂದಕ್ಕೇ, ಅದೂ ಗಂಡಿಗೆ ಮಾತ್ರ. ಅದರ ತಲೆಬುರುಡೆಯ ಅಚ್ಚು, ಪಕ್ಕದಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗದ ಸುರುಳಿ ಕೊಂಬಿನ ಅಚ್ಚು ಇರಿಸಿದರೆ ಹೋಲಿಸಿ ನೋಡುವ ಪಾಠ ತಾನಾಗಿ ಆರಂಭವಾಗುತ್ತದೆ. ಅಚ್ಚು ಎಂದು ಬೇಕೆಂದೇ ಹೇಳಿದ್ದೇನೆ. ನಿಜವಾದ ಕೊಂಬು, ಚರ್ಮಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ, ಬಿಡಲೂಬಾರದು.

ಕಲ್ಲಿನ ವಿಷಯದಲ್ಲಂತೂ ನಾವು ಶ್ರೀಮಂತರು. 1748ರಲ್ಲಿ ಚಿತ್ರದುರ್ಗದ ಹಿರೇಮದಕರಿನಾಯಕ ಮಡಿದ ಯುದ್ಧಭೂಮಿಯೆಂದು ಮಾಯಕೊಂಡದ ಹೆಸರನ್ನು ಇತಿಹಾಸದ ಪುಸ್ತಕಗಳು ಸ್ಮರಿಸುತ್ತವೆ. ಆ ನೆಲದ ಇತಿಹಾಸವಾದರೋ ಕೋಟಿ ವರ್ಷಗಳ ಲೆಕ್ಕದ್ದು. ನೆರೆಯ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಲಾವಾರಸವು ನೀರಿನಡಿಯಲ್ಲಿ ಉಕ್ಕಿ, ತಣಿದು, ದಿಂಬುಗಳ ರಾಶಿಯಂತೆ ಹೆಪ್ಪುಗಟ್ಟಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಬಯಲಿನಲ್ಲಿ ಒಂದು ಕಾಲಕ್ಕೆ ಸಮುದ್ರದ ನೀರಿತ್ತು ಎಂಬುದನ್ನು ಮಗುವಿಗೆ ನಂಬಿಸಲು ಒಂದು ಫೋಟೋ ಮತ್ತು ಅಂಥದೇ ಶಿಲೆಯ ಅಂಗೈಯಗಲದ ಚೂರು ಸಾಕು.

ಹಾವಿನ ಪೆಟ್ಟಿಗೆಯ ವಿಷಯ ಬರಿಯ ತಿಳಿವಳಿಕೆಯದಲ್ಲ. 2000ರಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಬಹುಪಾಲು ಹಳ್ಳಿಗರು, ಸುಮಾರು ಅರ್ಧದಷ್ಟು ಸಾವು ಮಳೆಗಾಲದಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಸರಿಯಾದ ಹೆಜ್ಜೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ನಿಜ ಗಾತ್ರದ ರಬ್ಬರ್ ಮಾದರಿಗಳ ಜೊತೆಗೆ ವಿಷವಿಲ್ಲದ ಕೇರೆಹಾವು, ತೋಳದ ಹಾವುಗಳದ್ದೂ ಇರಲಿ. ತೋಳದ ಹಾವನ್ನು ಕಟ್ಟುಹಾವೆಂದು ಹೆದರಿ ಕೊಲ್ಲುವುದು ಸಾಮಾನ್ಯ. ಅಪಾಯವಿರುವುದು ಇದಕ್ಕೆ ವಿರುದ್ಧವಾದ ತಪ್ಪಿನಲ್ಲಿ. ಕಡಿದ ಹಾವು ಯಾವುದೇ ಆಗಿರಲಿ ಮಂತ್ರದವರ ಬಳಿಗಲ್ಲ, ಆಸ್ಪತ್ರೆಗೆ ಎಂಬ ಮಾತನ್ನು ಮಗು ಮನೆಗೆ ಒಯ್ದರೆ, ಭಿತ್ತಿಪತ್ರ ಮಾಡಲಾಗದ ಕೆಲಸ ಆಗುತ್ತದೆ.

ಪೆಟ್ಟಿಗೆಯಲ್ಲಿ ಒಂದು ಖಾನೆ ಖಾಲಿಯೂ ಇರಬೇಕು. ಪ್ರತಿ ಶಾಲೆಯೂ ತನ್ನ ಊರಿನ ಬೀಜ, ಕಾಯಿ, ಕಲ್ಲು, ಹುಳುಗೂಡುಗಳಲ್ಲಿ ಒಂದನ್ನು ಹೆಸರು, ಸಿಕ್ಕ ಜಾಗ, ದಿನಾಂಕ ಬರೆದು ಸೇರಿಸಿ ಮುಂದಿನ ಶಾಲೆಗೆ ಕಳುಹಿಸಲಿ. ಊರಿನ ಹೆಸರೇ ಬರೆಯಲಿ. ಲ್ಯಾಟಿನ್ ಹೆಸರು ನಂತರ ಬರುತ್ತದೆ.

ಮಾದರಿ ತಯಾರಿಕೆಗೆ ಹೊರಗೆ ಹೋಗಬೇಕಿಲ್ಲ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ 1964ರಿಂದ ಇದೆ. ಅಲ್ಲಿ ಶಿಲ್ಪ ಕಲಿಯುವ ವಿದ್ಯಾರ್ಥಿಗಳಿಗೆ ಹಾವು, ತಲೆಬುರುಡೆಗಳ ಅಚ್ಚು ತೆಗೆಯುವುದು ಒಳ್ಳೆಯ ಅಭ್ಯಾಸವೇ ಆದೀತು. ಕೀಟಗಳಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ, ಪರಿಶೀಲನೆಗೆ ತೋಳಹುಣಸೆಯ ವಿಶ್ವವಿದ್ಯಾಲಯವಿದೆ. ಮೈಸೂರಿನ ಸಂಗ್ರಹಾಲಯ ಶಿಕ್ಷಕರಿಗೆ ಎರಡು ದಿನದ ತರಬೇತಿ ಕೊಟ್ಟು, ಪೆಟ್ಟಿಗೆಯ ಗುಣಮಟ್ಟಕ್ಕೆ ಹೊಣೆ ಹೊತ್ತರೆ ಸಾಕು. ಸಾಗಣೆಯನ್ನು ಸಿ.ಆರ್.ಪಿ.ಗಳ ಮಾಸಿಕ ಸಭೆಗೆ ಜೋಡಿಸಬಹುದು, ನಡುವಿನ ದಿನಗಳಲ್ಲಿ ಪೆಟ್ಟಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇರಬಹುದು.

ಕಷ್ಟವಿರುವುದು ಬೇರೆ ಕಡೆ. 1987ರಲ್ಲಿ ಆರಂಭವಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯಡಿ ದೇಶದ ಪ್ರಾಥಮಿಕ ಶಾಲೆಗಳಿಗೆ ವಿಜ್ಞಾನದ ಕಿಟ್ಟುಗಳು ಬಂದವು. ಸೇವೆಯಲ್ಲಿದ್ದಾಗ ಒಂದು ಶಾಲೆಯ ತಪಾಸಣೆಗೆ ಹೋದ ನಾನು ಅದನ್ನು ನೋಡಬಯಸಿದೆ. ಮುಖ್ಯೋಪಾಧ್ಯಾಯರು ಬೀಗ ತೆಗೆದು ತೋರಿಸಿದರು. ಕಿಟ್ಟಿಗೆ ಬಿಗಿದ ದಾರವೂ ಬಿಚ್ಚಿರಲಿಲ್ಲ. ‘ದಾಸ್ತಾನು ವಹಿಯಲ್ಲಿ ಎಲ್ಲವೂ ಸರಿಯಾಗಿದೆ ಸಾರ್, ಏನೂ ಒಡೆದಿಲ್ಲ’ ಎಂದರು ಹೆಮ್ಮೆಯಿಂದ. ಅವರನ್ನು ದೂರುವಂತಿಲ್ಲ. ಒಡೆದಿದ್ದರೆ ಲೆಕ್ಕಪರಿಶೋಧನೆಯ ಆಕ್ಷೇಪಣೆ, ವಿವರಣೆ, ಕೊನೆಗೆ ಸಂಬಳದಿಂದ ವಸೂಲಿ. ಬಳಸದೆ ಇಟ್ಟ ಶಿಕ್ಷಕನಿಗೆ ಯಾವ ನೋಟಿಸೂ ಇಲ್ಲ, ಬಳಸಿ ಒಡೆದವನಿಗೆ ನೋಟಿಸು ಎಂಬ ವ್ಯವಸ್ಥೆಯಲ್ಲಿ ಬುದ್ಧಿವಂತ ಶಿಕ್ಷಕ ಬೀಗವನ್ನೇ ಆರಿಸಿಕೊಳ್ಳುತ್ತಾನೆ. ನಮ್ಮ ಶಾಲೆಗಳಲ್ಲಿ ವಿಜ್ಞಾನ ಸೊರಗಿರುವುದಕ್ಕೆ ಶಿಕ್ಷಕರ ನಿರಾಸಕ್ತಿಗಿಂತ ಈ ನಿಯಮದ ಪಾಲೇ ದೊಡ್ಡದೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ಪರಿಹಾರ ನಿಯಮಗಳ ಲೋಕದಲ್ಲೇ ಇದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಗ್ರಂಥಾಲಯಗಳಿಗೆ ಒಂದು ಔದಾರ್ಯ ತೋರಿವೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದ ಪಕ್ಷದಲ್ಲಿ, ಅದನ್ನು ಸಹಜ ನಷ್ಟವೆಂದು ಒಪ್ಪಲಾಗುತ್ತದೆ. ಓದಿದರೆ ಪುಸ್ತಕ ಸವೆಯುತ್ತದೆಂಬುದನ್ನು ಒಪ್ಪುವ ಸರ್ಕಾರ, ಮುಟ್ಟಿದರೆ ಮಾದರಿ ಮುರಿಯುತ್ತದೆಂಬುದನ್ನೂ ಒಪ್ಪಬೇಕು. ಮಕ್ಕಳ ಕೈಗೆ ಕೊಡುವ ವಸ್ತುಗಳಲ್ಲಿ ಐದು ಅಲ್ಲ, ನೂರಕ್ಕೆ ಹತ್ತರಷ್ಟು ವಾರ್ಷಿಕ ನಷ್ಟವನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ ಮಟ್ಟದಲ್ಲೇ ವಜಾ ಮಾಡುವ ಅಧಿಕಾರ ನೀಡಿ ಶಿಕ್ಷಣ ಇಲಾಖೆ ಒಂದು ಆದೇಶ ಹೊರಡಿಸಲಿ. ಆ ಆದೇಶದ ಪ್ರತಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಭಾಗದಲ್ಲಿ ಅಂಟಿಸಲಿ. ಪೆಟ್ಟಿಗೆ ಹಿಂತಿರುಗಿದಾಗ ಏನೂ ಸವೆಯದಿದ್ದರೆ, ವಿವರಣೆ ಕೇಳಬೇಕಾದದ್ದು ಆಗ.

ಮುಂಗಾರಿನ ಮೆಕ್ಕೆಜೋಳ ಮೊಳೆತ ಎರಡು-ಮೂರು ವಾರಗಳಲ್ಲಿ ಹುಳು ಸುಳಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ಪೆಟ್ಟಿಗೆ ಮಾಯಕೊಂಡ ಹೋಬಳಿಯ ಶಾಲೆಗೆ ತಲುಪಬೇಕಾದದ್ದು ಜೂನ್ ತಿಂಗಳಿನಲ್ಲಿ, ಪಠ್ಯಪುಸ್ತಕಗಳ ಜೊತೆಗೆ, ಅದೇ ವಾಹನದಲ್ಲಿ.